ಅರವತ್ತೆಂಟು

ಮೂವತ್ತೊಂದು ವರ್ಷ ಹವಾಮಾನ ಕಚೇರಿಯಲ್ಲಿ
ಎರಡು ಗಾಜಿನ ಕಡ್ಡಿಗಳ ನಡುವಿನ ಅಂತರ ಓದಿದವಳು ನಾನು.
ಒಂದರ ಬುರುಡೆ ಒಣ, ಇನ್ನೊಂದಕ್ಕೆ ಒದ್ದೆ ಮಸ್ಲಿನ್ ಅಂಗಿ.
ಬೆಂಗಳೂರಿನ ಬಾಯಾರಿಕೆ ಎಷ್ಟೆಂದು
ಆ ಅಂತರವೇ ಹೇಳುತ್ತಿತ್ತು.

ಈಗ ಓದಲಿಕ್ಕೆ ಉಳಿದದ್ದು
ಒಂದು ಪೆಟ್ಟಿಗೆಯ ಹವಾಮಾನ.

ಕುಕ್ ಟೌನಿನ ಹಿಂಬೀದಿಯ ಬೋನಿಫಾಸ್ ರೆಬೆಲ್ಲೊ,
ಎದೆ ಹೊಲಿಸಿಕೊಂಡು ಬಂದ ಹದಿನೇಳನೇ ದಿನ,
ಜನವರಿ ಬಿಸಿಲಲ್ಲಿ ರೈನ್‌ಕೋಟು ತೊಟ್ಟು ಬಂದರು.
ಒಳಗಿಂದ ಒಂಬತ್ತು ಸಿಗಾರು ತೆಗೆದರು.
"ಸೆವ್ರಿನ್ ಕಂಡರೆ ಕಸದ ಲಾರಿಗೆ ಹಾಕುತ್ತಾಳೆ.
ನಿಮಗೆ ತೇವದ ವಿಷಯ ಗೊತ್ತು. ಇಟ್ಟುಕೊಳ್ಳಿ."

ಅಜ್ಜಿಯ ಕಡ್ಡಿಪುಡಿ ಗೊತ್ತು ನನಗೆ, ಅಪ್ಪನ ನಶ್ಯ ಗೊತ್ತು,
ಬೆಳ್ಳಿ ಡಬ್ಬಿಯ ಮುಚ್ಚಳ ಟಕ್ಕೆನ್ನುವುದೂ ಗೊತ್ತು.
ಇವು ಬೇರೆ ಕುಲ.
ನಮ್ಮ ಏಪ್ರಿಲ್ ಇವಕ್ಕೆ ಆಗಿಬರದು:
ಮಧ್ಯಾಹ್ನ ಮೂರಕ್ಕೆ ಶೇಕಡಾ ಇಪ್ಪತ್ತೆಂಟಕ್ಕಿಳಿದು
ಬಾಗಿಲ ಚೌಕಟ್ಟು ಲಟಕ್ಕೆನ್ನುವಾಗ
ಹೊರಸುತ್ತಿನ ಎಲೆ ಬಿರಿಯುತ್ತದೆ, ಹಿಮ್ಮಡಿಯ ಹಾಗೆ.
ಆಗಸ್ಟೂ ಆಗದು. ಚಪ್ಪಲಿಗೆ ಬೂಷ್ಟು ಬರುವ ವಾರ
ಇವಕ್ಕೂ ಬರುತ್ತದೆ.

ಮೊದಲು ತಪ್ಪು ಮಾಡಿದೆ. ಫ್ರಿಜ್ಜಿನಲ್ಲಿಟ್ಟೆ.
ನಾಲ್ಕೇ ದಿನಕ್ಕೆ ತುದಿಯೆಲ್ಲ ಪೆಡಸು, ಮೈಗೆಲ್ಲ ಇಂಗಿನ ವಾಸನೆ.
ರೆಬೆಲ್ಲೊ ಮೂಸಿ ನೋಡಿ
ಶಿಲುಬೆಯ ಗುರುತು ಮಾಡಿಕೊಂಡರು.

ಶಿವಾಜಿನಗರದ ನೂರುಲ್ಲಾ ಪೆಟ್ಟಿಗೆ ಮಾಡಿಕೊಟ್ಟ.
"ತೇಗ ಬೇಡಮ್ಮ, ತನ್ನ ಎಣ್ಣೆ ಪಕ್ಕದವರಿಗೂ ಹಚ್ಚುತ್ತೆ.
ಗಂಧಗರಿಗೆ ಹಲಗೆ ಇದೆ. ಒಳಗೆ ಪಾಲಿಶ್ ಹಾಕಲ್ಲ."
ಬ್ಯಾಟರಿಗೆ ಹಾಕುವ ನೀರಲ್ಲಿ ಬಟ್ಟೆ ಅದ್ದಿ
ಮೂರು ದಿನ ಒಳಗೋಡೆ ಒರೆಸಿದೆ.
ಮರಕ್ಕೆ ಮೊದಲು ಕುಡಿಸಬೇಕು.
ಬಾಯಾರಿದ ಮನೆ
ಬಂದ ಅತಿಥಿಯ ಲೋಟಕ್ಕೇ ಬಾಯಿ ಹಾಕುತ್ತದೆ.

ತೇವ ತೋರಿಸುವ ಗಡಿಯಾರವೊಂದು ಕೊಂಡೆ.
ಕಚೇರಿಯ ಬುದ್ಧಿ, ನಂಬಲಿಲ್ಲ.
ಬಾಟಲಿಯ ಮುಚ್ಚಳದಲ್ಲಿ ಕಲ್ಲುಪ್ಪು, ನಾಲ್ಕು ಹನಿ ನೀರು;
ಡಬ್ಬಿಯಲ್ಲಿ ಎರಡನ್ನೂ ಒಟ್ಟಿಗೆ ಮುಚ್ಚಿ ರಾತ್ರಿ ಬಿಟ್ಟೆ.
ಉಪ್ಪು ಯಾವ ದೇಶದಲ್ಲೂ ಎಪ್ಪತ್ತೈದೇ ಹೇಳುತ್ತದೆ.
ಮುಳ್ಳು ಎಪ್ಪತ್ತೊಂದು ಅಂತು.
ಉಪ್ಪಿಗಿಂತ ರುಚಿಯಿಲ್ಲ ಅನ್ನುತ್ತಾರೆ,
ಸಾಕ್ಷಿಯೂ ಇಲ್ಲ.
ಅವತ್ತಿನಿಂದ ಅರವತ್ತನಾಲ್ಕು ಕಂಡರೆ
ಅರವತ್ತೆಂಟು ಅಂತ ಬರೆಯುತ್ತೇನೆ.

ಮೇ ತಿಂಗಳ ಸೆಕೆಗೆ ಹುಳು ಎದ್ದಿತು.
ಗುಂಡುಸೂಜಿ ಚುಚ್ಚಿದಷ್ಟೇ ತೂತು, ಕೆಳಗೆ ಚಿಟಿಕೆ ಪುಡಿ.
ಒಂದು ಹೋಯಿತು. ಉಳಿದ ಎಂಟನ್ನೂ
ಎರಡೆರಡು ಚೀಲದಲ್ಲಿ ಸುತ್ತಿ, ಫ್ರೀಜರಿನ
ಹಿತಕಿದವರೆ ಪೊಟ್ಟಣದ ಪಕ್ಕ ಮೂರು ದಿನ ಮಲಗಿಸಿದೆ.
ಆಮೇಲೆ ಒಂದು ದಿನ ಕೆಳಗಿನ ಅಟ್ಟಣಿಗೆ, ಒಂದು ದಿನ ಹೊರಗೆ.
ಚಳಿಯಿಂದ ಬಂದವರನ್ನು
ಒಮ್ಮೆಗೇ ಒಲೆಯ ಮುಂದೆ ಕೂರಿಸಬಾರದು.

ಪ್ರತಿ ಭಾನುವಾರ ಪೂಜೆ ಮುಗಿಸಿ ಹತ್ತೂವರೆಗೆ
ರೆಬೆಲ್ಲೊ ಬರುತ್ತಾರೆ. ಕೈ ತೊಳೆಯುತ್ತಾರೆ, ಸೋಪಿಲ್ಲದೆ.
ಒಂದನ್ನು ಎತ್ತಿ ಕಿವಿಯ ಬಳಿ ಹೊರಳಿಸಿ ಆಲಿಸುತ್ತಾರೆ,
ಮಗುವಿನ ತೋಳಿನಂತೆ ಒತ್ತುತ್ತಾರೆ,
ಕಣ್ಣುಮುಚ್ಚಿ ಮೂಸುತ್ತಾರೆ.
"ಇನ್ನೂ ಆಗಿಲ್ಲ" ಅಂತ ವಾಪಸು ಇಡುತ್ತಾರೆ.
ಆಗುವುದಿಲ್ಲವೆಂದು
ಅವರಿಗೂ ಗೊತ್ತು, ಹೊಲಿದ ಡಾಕ್ಟರಿಗೂ ಗೊತ್ತು.

ಅಕ್ಟೋಬರಿನ ಒಂದು ಗುರುವಾರ ಸೆವ್ರಿನ್ ಬಂದಳು.
"ಜನವರಿಯಲ್ಲಿ ರೈನ್‌ಕೋಟು ಹಾಕುವ ಗಂಡನನ್ನು
ನಾನೇನು ಸುಮ್ಮನೆ ಬಿಡ್ತೀನಾ? ಎಲ್ಲಿದೆ ಪೆಟ್ಟಿಗೆ?"
ತೆಗೆದೆ. ಬಗ್ಗಿದಳು. ತುಂಬಾ ಹೊತ್ತು ಹಾಗೇ ಇದ್ದಳು.
"ಮದುವೆಯ ವರ್ಷ ಅವನ ಅಂಗಿ ಹೀಗಿತ್ತು" ಅಂದಳು.

ಸಂಜೆ ತಾರಸಿಯಲ್ಲಿ ಗಾಳಿ ಇರಲಿಲ್ಲ.
ಪುಸ್ತಕದಲ್ಲಿ ಅವತ್ತಿನ ಸಾಲು ಹೀಗಿದೆ:
ಒಣ ಇಪ್ಪತ್ತಮೂರು, ತೇವ ಅರವತ್ತೆಂಟು,
ಕೆಮ್ಮು ಸಾಧಾರಣ, ಸಿಗಾರು ಏಳು.

ಭಾನುವಾರ ರೆಬೆಲ್ಲೊ ಬೆರಳಿಟ್ಟು ಎಣಿಸಿದರು,
ಇನ್ನೊಮ್ಮೆ ಎಣಿಸಿದರು.
"ಮತ್ತೆ ಹುಳುವಾ?"
"ಹ್ಞೂಂ."
"ಎಷ್ಟಿದ್ದವು?"
"ಎರಡು."