ಎಡಗೈಯ ಕುಳಿ

ಬಾಲ್‌ಸ್ತಾದ್ ಬಂದರಿನ ಹಿಂದಿನ ಅಂಗಡಿಯಲ್ಲಿ ಹೋಕನ್
ಇಸ್ಪೀಟೆಲೆ ಹರಡಿದ ಹಾಗೆ ಮೂರು ತಟ್ಟೆ ಹರಡಿದ:
ಮುನ್ನೂರು, ಆರುನೂರು, ಸಾವಿರದಿನ್ನೂರು.
ಅಂಕಿ ಏರಿದಷ್ಟೂ ಹರಳು ನುಣ್ಣಗೆ.
ಬೆಲೆ ಮೂರಕ್ಕೂ ಒಂದೇ, ಮೂರೂ ನನಗೆ ದುಬಾರಿ.

ವಜ್ರ ಎಂದಾಗ ಏನೋ ಮಿನುಗೀತು ಅಂದುಕೊಂಡಿದ್ದೆ.
ಬೂದಿ ಬಣ್ಣದ ಒಣ ಮೈ,
ಬೆಕ್ಕಿನ ನಾಲಿಗೆಯಂಥ ತರಿ.
ಉಗುರಿನ ಬೆನ್ನು ತಾಗಿಸಿ ನೋಡಿದೆ:
ಬಣ್ಣ ಹೋಯಿತು, ತುಸು ಉಗುರೂ.

ಮುನ್ನೂರನ್ನೇ ಕಟ್ಟಿಸಿಕೊಂಡೆ.
ದಿನವಿಡೀ ಕಾಡ್ ಮೀನಿನ ಬೆನ್ನುಮೂಳೆ ಕಂಡ ಅಲಗಿಗೆ
ಮತ್ತೆ ಬಾಯಿ ಬರಿಸಬೇಕಾದರೆ ಒರಟೇ ಬೇಕು.
ನುಣುಪಿಗೆ ತೂರ್‌ಗೈರ್ ಕೊಟ್ಟ ಹಳೆಯ ಕಲ್ಲಿತ್ತಲ್ಲ.

ಮೊದಲ ವಾರ ಅದರ ಕಿರುಚಾಟಕ್ಕೆ
ಶೆಡ್ಡಿನ ಮಾಡಿನ ಮೇಲಿನ ಕಡಲಕ್ಕಿಗಳು ಎದ್ದು ಹೋದವು.
ತಲೆಯೆತ್ತಿದ ಹರಳುಗಳು ಮೊದಲು ಮುರಿಯಬೇಕು,
ಆಮೇಲೆ ತಾನೇ ಸಮವಾಗುತ್ತದೆ, ಅಂದಿದ್ದ ಹೋಕನ್.
ಕಾದೆ.

ವಿದ್ಮಂತಸ್ ಕಾಯುವವನಲ್ಲ.
ಲಿಥುವೇನಿಯಾದಿಂದ ಮೂರು ತಿಂಗಳ ಹಂಗಾಮಿಗೆ ಬಂದವನು,
ಕೊಯ್ದಷ್ಟೂ ದುಡ್ಡು, ದುಡ್ಡಿನಷ್ಟೇ ಆತುರ.
ಹಿಟ್ಟು ನಾದುವವನಂತೆ ಹೆಗಲ ಭಾರವೆಲ್ಲ ಹಾಕಿ ಮಸೆದ.
ಸಂಜೆಗೆ ತಟ್ಟೆಯ ತುದಿಯಲ್ಲಿ ಬೆರಳಗಲ ಬೋಳು.
ಒತ್ತಿದರೆ ವಜ್ರ ಸವೆಯುವುದಿಲ್ಲ,
ಬೇರುಸಮೇತ ಕಿತ್ತು ಬರುತ್ತದೆ.
ಬೈಯೋಣವೆಂದರೆ ಅವನ ಭಾಷೆ ನನಗೆ ಬಾರದು.
ಅವನ ಕೈ ಮೇಲೆ ಕೈಯಿಟ್ಟು
ಚಾಕುವಿನ ಭಾರವನ್ನಷ್ಟೇ ಬಿಟ್ಟು ಎಳೆದೆ.
ಹೀಗೆ. ಸಾಕು. ಹೀಗೆ.
ಅಲಗಿನ ಇನ್ನೊಂದು ಮಗ್ಗುಲಲ್ಲಿ ಸಿಬಿರೆದ್ದಾಗ
ಅವನ ಹೆಬ್ಬೆರಳಿಗೇ ಅದು ತಿಳಿಯಿತು, ನಕ್ಕ.

ಎಣ್ಣೆ ಬೇಡ ಇದಕ್ಕೆ. ನೀರು, ಒಂದು ತೊಟ್ಟು ಪಾತ್ರೆಯ ಸೋಪು.
ಉಕ್ಕಿನ ಕಪ್ಪು ಹರಳಿನ ಸಂದಿಯಲ್ಲಿ ಕೂತರೆ
ಮಗಳ ಶಾಲೆಯ ರಬ್ಬರು, ಸವೆದ ಹಲ್ಲುಜ್ಜುವ ಬ್ರಷ್ಷು.
ರಾತ್ರಿ ಒರೆಸಿ, ಮತ್ತೊಮ್ಮೆ ಒರೆಸಿ, ಒರಗಿಸಿ ಇಡಬೇಕು.
ಇಲ್ಲಿ ಗಾಳಿಯೇ ಉಪ್ಪು,
ಮರೆತ ಒಂದು ಹನಿ ಬೆಳಗಿಗೆ ತುಕ್ಕು.

ಇನ್ನು ಆ ಹಳೆಯ ಕಲ್ಲು.
ತೂರ್‌ಗೈರ್ ಎಡಚ.
ಮೂವತ್ತೊಂಬತ್ತು ಚಳಿಗಾಲ ಒಂದೇ ಮಗ್ಗುಲಿಗೆ ಮಸೆದು
ನಡುವೆ ಕುಳಿ ಬಿದ್ದಿದೆ, ವಾಲಿದ ದೋಣಿಯ ಹೊಟ್ಟೆಯ ಹಾಗೆ.
ನನ್ನ ಬಲಗೈಗೆ ಅದು ಅಲಗನ್ನು ಸೊಟ್ಟ ಮಾಡುತ್ತದೆ.
ಅವನೀಗ ಬೂಡೋ ಆಸ್ಪತ್ರೆಯಲ್ಲಿ,
ನಡುಗುವ ಕೈಗೆ ಕಾಫಿ ಲೋಟ ಹಿಡಿಯುವುದನ್ನು
ಹೊಸದಾಗಿ ಕಲಿಸುತ್ತಿದ್ದಾರೆ.
"ಸಪಾಟು ಮಾಡಿಕೋ ಮಾರಾಯ್ತಿ" ಅಂದ ಫೋನಿನಲ್ಲಿ,
"ಕಲ್ಲು ಅದು, ಗೋರಿಯಲ್ಲ."

ಭಾನುವಾರ. ಹತ್ತು ಗಂಟೆಯಾದರೂ ಹೊರಗೆ ನೀಲಿ ಕತ್ತಲು.
ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದೆ.
ವಜ್ರದ ತಟ್ಟೆ ಕವುಚಿ, ನೀರು ಬಿಟ್ಟು, ಉಜ್ಜಿದೆ.
ಮೂಲೆಯ ಗೆರೆಗಳು ಮೊದಲು ಹೋದವು,
ಆಮೇಲೆ ಅಂಚಿನವು. ಗಂಜಿಯಂಥ ಕೆಸರು ಸಿಂಕಿಗಿಳಿಯಿತು.
ತಟ್ಟೆಯೂ ಸವೆಯುತ್ತಿದೆ, ಗೊತ್ತು.
ಕಲ್ಲಿಗೆ ಕಲ್ಲು ತಿಕ್ಕಿದರೆ
ಒಂದೇ ತೇಯುತ್ತದೆ ಅಂದವರಾರು?

ಕೊನೆಗೆ ಗೆರೆ ಉಳಿದದ್ದು ನಡುವೆ,
ಅಂಗೈಯಗಲ, ಓರೆಯಾಗಿ.
ಅವನು ಎಷ್ಟು ಆಳಕ್ಕೆ ಇಳಿದಿದ್ದ ಎಂಬುದು
ಕುಳಿ ಪೂರ್ತಿ ಇದ್ದಾಗ ಕಂಡಿರಲಿಲ್ಲ.
ಇನ್ನು ಹತ್ತು ನಿಮಿಷದ ಕೆಲಸ.

ತಟ್ಟೆ ತೊಳೆದೆ, ಒರೆಸಿದೆ, ಮತ್ತೊಮ್ಮೆ ಒರೆಸಿದೆ.

ಈಗ ಅಂಚಿನ ಮೇಲೆ ಮಸೆಯುತ್ತೇನೆ.
ಆ ಗೆರೆಗಳ ಹತ್ತಿರ ಬಂದಾಗ
ನೀರು ನಿಂತ ಗುಂಡಿ ದಾಟುವಂತೆ
ಅಲಗನ್ನು ತುಸು ಎತ್ತುತ್ತೇನೆ.

"ಸಪಾಟಾಯಿತಾ?" ಅಂತ ಕೇಳಿದ.
"ಆಯಿತು" ಅಂದೆ.
ಆ ಕಡೆ ಸ್ವಲ್ಪ ಹೊತ್ತು
ಬಸಿಯ ಮೇಲೆ ಲೋಟ ಕಟಕಟಿಸುವ ಸದ್ದು.