ಆಧಾರ ಬೇಕಾಗಿದೆ

ತುಂಬಿದ ಲಾರಿ ತೂಗುತ್ತೇನೆ, ಖಾಲಿ ಲಾರಿ ತೂಗುತ್ತೇನೆ,
ಕಳೆದು ಉಳಿದದ್ದನ್ನು ಚೀಟಿಯಲ್ಲಿ ಬರೆದುಕೊಡುತ್ತೇನೆ.
ಚಳ್ಳಕೆರೆಯ ಎಣ್ಣೆ ಗಿರಣಿ ಸಾಲಿನ ಕೊನೆಯಲ್ಲಿ
ಹದಿನಾಲ್ಕು ವರ್ಷದಿಂದ ಇದೇ ಕೆಲಸ.
ರಾತ್ರಿ ಪಾಳಿ, ಲಾರಿ ಬಾರದ ಹೊತ್ತು,
ವಿಶ್ವಕೋಶಕ್ಕೆ ಊರುಗಳನ್ನು ಸೇರಿಸುತ್ತೇನೆ:
ಕೆರೆ, ಶಾಲೆ, ಜನಸಂಖ್ಯೆ, ಹತ್ತಿರದ ರೈಲು ನಿಲ್ದಾಣ.

ಬೂದಿಗುಡ್ಡದಹಟ್ಟಿಗೆ ಹೋದದ್ದೂ ಅದಕ್ಕೇ,
ಒಂದು ಫೋಟೊ, ಎರಡು ಸಾಲು, ಅಷ್ಟೇ ಅಂತ.
ಶೇಂಗಾ ಹೊಲದ ನಡುವೆ ಒಂದು ಕಡೆ
ಕುಂಟೆ ಎತ್ತಿಕೊಂಡು ಸುತ್ತಿ ಹೋದ ಗುರುತು.
ಮಂಚದಷ್ಟು ಜಾಗ. ಗರಿಕೆ. ಒಂದು ಬಂಡೆ.
"ಅಲ್ಲಿ ಜನ ಅವ್ರೆ ಕಣವ್ವ" ಅಂದಳು ಸಣ್ಣಬೋರಕ್ಕ,
ಒಳಗೆ ಊಟಕ್ಕೆ ಕೂತಿದ್ದಾರೆ ಅನ್ನುವ ಹಾಗೆ.

ದುರ್ಗಕ್ಕೆ ಮುತ್ತಿಗೆ ಬಿದ್ದ ವರ್ಷ.
ಕೋಟೆಯೊಳಗೆ ಇವರಿಗೆ ಜಾಗವಿರಲಿಲ್ಲ.
ದಂಡಿನ ಧೂಳು ಕಂಡದ್ದೇ
ಮಕ್ಕಳು, ಮುದುಕರು, ಒಬ್ಬಳು ಬಾಣಂತಿ
ಹಗೆಗೆ ಹೆದರಿ ಹಗೇವಿಗಿಳಿದರು.
ತಳದಲ್ಲಿ ಮೊಳದಷ್ಟು ನವಣೆ ಇತ್ತಂತೆ.
ಮೇಲಿನವರು ಬಾಯಿಗೆ ಬಂಡೆ ಎಳೆದು
ಸಂದಿಗೆ ಸಗಣಿ ಮೆತ್ತಿ, ಮಣ್ಣು ತೂರಿ,
ಕುರಿ ಮಂದೆ ತುಳಿಸಿ ಗುರುತು ಅಳಿಸಿದರು.
ಆಮೇಲೆ ಆ ಮೇಲಿನವರೂ ಉಳಿಯಲಿಲ್ಲ,
ಕುರಿ ತುಳಿಸಿದ ಹುಡುಗನೊಬ್ಬ ಬಿಟ್ಟು.
"ಬಂಡೆ ಅವನ ಕೈಗೆ ಅಲುಗಲಿಲ್ಲ.
ನಾವೆಲ್ಲ ಅವನ ಪೈಕಿ."

"ಯಾರ ದಂಡು?" ಕೇಳಿದೆ, ಪೆನ್ನು ಹಿಡಿದು.
"ದಂಡು ಅಂದ್ರೆ ದಂಡು. ಈ ಕಡೇದೋ ಆ ಕಡೇದೋ
ಮೇವು ತಿಂದ ಕುದುರೆ ಕೇಳ್ಬೇಕು."
"ಎಷ್ಟು ಜನ?"
"ಎಣಿಸಿ ಇಳಿಸಿದ್ರಾ?"

ವಿಶ್ವಕೋಶದಲ್ಲಿ ಯುದ್ಧಕ್ಕೆ ಒಂದು ಚೌಕಟ್ಟಿದೆ:
ದಿನಾಂಕ. ಸ್ಥಳ. ಸೇನಾಪತಿಗಳು. ಫಲಿತಾಂಶ. ಸಾವುನೋವು.
ಸ್ಥಳ ತುಂಬಿದೆ, ಅಕ್ಷಾಂಶ ರೇಖಾಂಶ ಸಮೇತ.
ಉಳಿದ ಖಾನೆಗಳು ಬಾಯಿ ತೆರೆದುಕೊಂಡೇ ಇದ್ದವು.
ಫೋಟೊ ಹಾಕಿದೆ. ಅದರಲ್ಲಿ ಏನೂ ಇಲ್ಲ,
ಶೇಂಗಾ, ಗರಿಕೆ, ಅಂಚಿನಲ್ಲಿ ಬೋರಕ್ಕನ ಸೆರಗಿನ ತುದಿ.

ಮೂರನೇ ದಿನ ಯಾರೋ ಬಂದು
ಪ್ರತಿ ಸಾಲಿನ ಹೆಗಲ ಮೇಲೆ ಪುಟ್ಟ ಅಕ್ಷರದಲ್ಲಿ
ಆಧಾರ ಬೇಕಾಗಿದೆ, ಆಧಾರ ಬೇಕಾಗಿದೆ
ಎಂದು ಕೂರಿಸಿ ಹೋದರು. ತಪ್ಪೇನಲ್ಲ.
ತೂಕದ ಚೀಟಿಯಿಲ್ಲದೆ ನಾನೂ ಲಾರಿ ಬಿಡುವುದಿಲ್ಲ.
ಗೆಜೆಟಿಯರ್ ತಿರುವಿದೆ, ಶಾಸನಗಳ ಸಂಪುಟ ತಿರುವಿದೆ,
ರಾಜರಿದ್ದರು, ದತ್ತಿ ಬಿಟ್ಟ ಗದ್ದೆಯ ಅಳತೆಯಿತ್ತು.

ನಿನ್ನೆ ಬಂದವನು ಬೇರೆ. ದುರ್ಗದಹುಲಿ೭೭.
ನಾನು ಬರೆದಿದ್ದೆ: ಉಸಿರುಗಟ್ಟಿ ಸತ್ತರು.
ಅವನು ತಿದ್ದಿದ: ವೀರಮರಣವನ್ನಪ್ಪಿದರು.
ಮೊದಲಿನಂತೆ ಮಾಡಿದೆ. ಮತ್ತೆ ತಿದ್ದಿದ.
"ನಮ್ಮ ಮಣ್ಣಿನ ಅಭಿಮಾನ" ಎಂದು ಷರಾ ಬರೆದ.
ನನಗೂ ಅದೇ ಮಣ್ಣು, ಉಗುರಿನಲ್ಲಿ ಇನ್ನೂ ಇತ್ತು.
ಬಾಣಂತಿಯ ಮಗು ಯಾವ ಕತ್ತಿ ಹಿಡಿದಿತ್ತು?
ಬರೆಯಲಿಲ್ಲ ಅದನ್ನು, ಜಗಳವಾಡುವ ಜಾಗವಲ್ಲ.
ಉಸಿರುಗಟ್ಟಿ, ಎಂದು ಮತ್ತೆ ಒತ್ತಿದೆ.
ಮತ್ತೆ ವೀರಮರಣ. ಮತ್ತೆ ಉಸಿರು.

ಮೂರು ಸಲ ಹಿಂದಿರುಗಿಸಿದ ಮೇಲೆ
ಇಪ್ಪತ್ನಾಲ್ಕು ಗಂಟೆ ಮುಟ್ಟುವಂತಿಲ್ಲ, ನಿಯಮ.
ಆಗ ರಾತ್ರಿ ಹನ್ನೊಂದು.
ಪುಟದಲ್ಲಿ ಅವನ ಮಾತು ನಿಂತಿತ್ತು.

ಹೊರಡುವಾಗ ಬೋರಕ್ಕ ಹೇಳಿದ್ದಳು,
ಕೇಳದಿದ್ದರೂ, ಸೊಸೆಗೆ ಹೇಳುವಂತೆ:
"ಹಗೇವಿನ ಬಾಯಿ ತೆಗೆದ ದಿನ ಇಳೀಬಾರ್ದು.
ಒಂದು ದಿನ ಹಂಗೇ ಬಿಡು, ಕೆಟ್ಟ ಗಾಳಿ ಹೋಗ್ಲಿ.
ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡು.
ಆರಿದ್ರೆ, ಇನ್ನೊಂದು ದಿನ."

ನಾಲ್ಕು ಗಂಟೆಗೆ ಹಿರಿಯೂರಿನ ಲಾರಿ ಬಂತು.
ಡ್ರೈವರನನ್ನು ಇಳಿಸಿ ತೂಗಿದೆ.
ಇನ್ನೂ ಹತ್ತೊಂಬತ್ತು ಗಂಟೆ ಇತ್ತು.