ಬಾಗಲಕ್ಕ ಬೆನ್ನು ಹಚ್ಚಿ

ಧಾರವಾಡದಾಗ ಎರಡು ದಿನ ತರಬೇತಿ.
ಇಪ್ಪತ್ತೊಂದು ವರ್ಷ ಕಲಿಸಿದವಳಿಗೆ
ಕಲಿಸೋರನ್ನ ಕಲಿಸೋದು ಹೆಂಗಂತ ಕಲಿಸಿದರು.
ಚಹಾದ ಜೋಡಿ ಎರಡು ಬಿಸ್ಕೀಟು,
ಒಂದು ನೀಲಿ ಫೈಲು, ಅದರೊಳಗ ಹಾಳಿ:
ನೋಡಿದ್ದನ್ನ ಬರೀರಿ, ಅನಿಸಿದ್ದನ್ನಲ್ಲ.
ತಿದ್ದಬ್ಯಾಡ್ರಿ, ಕೇಳ್ರಿ.
ಕೈ ಹಾಕಬ್ಯಾಡ್ರಿ, ಕಾಯ್ರಿ.

ಬಾಜೂಕ ಕುಂತ ಶಿರಹಟ್ಟಿಯ ಫಕೀರವ್ವ
ಕಿವಿಯಾಗ ಅಂದಳು:
ಒಲಿ ಮ್ಯಾಲ ಉಕ್ಕೋ ಹಾಲಿಗೂ ಹಿಂಗ ಕಾಯೂದೇನ?

ಸೋಮವಾರ ಬಂದಳು ಮೆಹಬೂಬಿ ನದಾಫ.
ಬೆಟಗೇರಿಯ ನಮ್ಮ ಬಾಲವಾಡಿಗೆ
ಎಡಕ್ಕೂ ಮಗ್ಗ, ಬಲಕ್ಕೂ ಮಗ್ಗ.
ಲಾಳಿಯ ಸಪ್ಪಳದ ಸಂದಿಯೊಳಗ ಮಾತು ಇಡಬೇಕು.
ಹತ್ತೊಂಬತ್ತರ ಹುಡುಗಿ,
ಚೀಲದ ತುಂಬ ಬಣ್ಣದ ಕಾಗದದ ಮೀನು.

ಮೀನು ಹತ್ತು ನಿಮಿಷದಾಗ ಹರಿದವು.
ಒಂದನ್ನ ಕಳಕಪ್ಪ ತಿಂದ.
ನಾನು ಎರಡೂ ಕೈ ತೊಡಿ ಕೆಳಗ ಒತ್ತಿ ಕುಂತೆ,
ಕಳ್ಳರನ್ನ ಕಟ್ಟಿ ಹಾಕಿದಂಗ.
ಮೂಗು ಸೋರೂದು ಕಂಡ್ರ ಸೆರಗು ಹಿಡೀತಾವು,
ಜಗಳ ಕಂಡ್ರ ನಡುವ ಹೋಗ್ತಾವು
ಈ ಕೈ.
ಆಮ್ಯಾಲ ಬರೆದೆ: ಮೀನು ಹರಿದವು. ಹುಡುಗಿ ನಕ್ಕಳು.
'ಪಾಪ' ಅಂತ ಬರೆದು ಹೊಡೆದು ಹಾಕಿದೆ.
ಅದು ನೋಡಿದ್ದಲ್ಲ.

ಗುರುವಾರ, ಮಕ್ಕಳು ಹೋದ ಮ್ಯಾಲ,
ಆಯಾ ಉಪ್ಪಿಟ್ಟಿನ ಬೋಗಾಣಿ ಕೆರೆಯೋವಾಗ,
ಕೇಳಿದಳು:
ಅಕ್ಕಾರ, ಕತಿ ಹೇಳೋ ಮುಂದ
ಬಾಗಲಕ್ಕ ಬೆನ್ನು ಹಚ್ಚೇ ಯಾಕ ಕುಂಡರ್ತೀರಿ?
ಬೆಳಕು ಕಿಡಕಿ ಕಡೆ ಛಲೋ ಐತಲ್ಲ.

ಹಂಗ ಕುಂಡರ್ತೇನೇನು ನಾನು?

ರಾತ್ರಿ ರೊಟ್ಟಿ ಬಡಿಯೋವಾಗ ನೆಪ್ಪಾತು.
ಮೊದಲ ವರ್ಷ. ನರಿಯ ಕತಿ.
ಕತಿ ಮುಗಿದಾಗ ಹದಿನೇಳು ಮಕ್ಕಳು
ಹದಿನಾರು ಆಗಿದ್ದರು.
ಬರಿಗಾಲಿನ ಓಟ. ಬಾವಿ, ಗಟಾರ, ಬಸ್ಸಿನ ರಸ್ತೆ.
ಕೂಸು ಸಿಕ್ಕಿದ್ದು ನೇಕಾರ ನಿಂಗಪ್ಪನ ಮನ್ಯಾಗ,
ಮಗ್ಗದ ಕುಣಿಯೊಳಗ,
ಅವನ ಪಾದದ ಮ್ಯಾಲ ತಲಿ ಇಟ್ಟು ಮಲಗಿತ್ತು.
ಅಂವ ನೇಯೂದು ಬಿಟ್ಟು
ಕಾಲು ಅಲ್ಲಾಡಿಸದ ಕುಂತಿದ್ದ, ಎಷ್ಟೊತ್ತಿಂದೋ.
ಯಾರ ಮುಂದೂ ಹೇಳಿರಲಿಲ್ಲ ನಾನು.
ಬೆನ್ನಿಗೆ ಮಾತ್ರ ಗೊತ್ತಿತ್ತು.

ಶುಕ್ರವಾರ ಹೇಳಿದೆ, ಹಿಂದ ಮುಂದ ಮಾಡಿ, ನಿಂತು ನಿಂತು.
ಹುಡುಗರಿಗೆ ಹೇಳಿದಷ್ಟು ಹಗುರಲ್ಲ ಇದು.
ಮೆಹಬೂಬಿ ಬರಕೊಂಡಳು.
ನೋಡಿದ್ದೋ, ಅನಿಸಿದ್ದೋ? ಅಂದೆ.
ಕೇಳಿದ್ದು ಅಕ್ಕಾರ, ಅಂದಳು.

ಶನಿವಾರದ ಕತಿ ಅವಳದು.
ಕಿಡಕಿಯ ಬೆಳಕಿನಾಗ ಚಾಪಿ ಹಾಸಿದಳು.
ನಾನು ಬಾಯಿ ತೆರೆಯೂದರೊಳಗ
ನನ್ನ ಮಣಿ ಎತ್ತಿ ಬಾಗಲದಾಗ ಇಟ್ಟಳು:
ನೀವು ಇಲ್ಲೇ ಕುಂಡರ್ರಿ.

ಕುಂತೆ.
ಕಳಕಪ್ಪ ನನ್ನ ತನಕ ಬಂದ,
ಮೊಣಕಾಲು ಮುಟ್ಟಿ ತಿರುಗಿ ಹೋದ.
ಹಾಳಿ ಮ್ಯಾಲ ಬರೆದೆ:
ಎರಡು ಸಲ.